ದೀಪ ಹತ್ತಿದ್ರ ಪಾಸ್ ಆದಂಗಲ್ಲ

ನಮಸ್ಕಾರ್ರಿ ಎಲ್ಲಾರಿಗೂ. ನಾನು ಪುಣೆದಾಗ, ಭೋಸರಿ ಎಂಐಡಿಸಿ ಅನ್ನೂ ಕಾರ್ಖಾನಿ ಏರಿಯಾ ಕಡೆ ಒಂದು ಕೇಬಲ್ ಟೆಸ್ಟಿಂಗ್ ಲ್ಯಾಬ್‌ನಾಗ ನೆಟ್‌ವರ್ಕ್ ಇಂಜಿನಿಯರ್. ಊರು ವಿಜಯಪುರ ಹತ್ರ. ಹಬ್ಬಕ್ಕ ಊರಿಗೆ ಹೋದ್ರ ಅವ್ವಂದು ಒಂದ ಮಾತು, "ಬರೇ ವೈರ್ ನೋಡ್ಕೋತ ಕುಂತ್ರ ಪಗಾರ ಕೊಡ್ತಾರೇನೋ?" ಕೊಡ್ತಾರವ್ವ, ತಿಂಗಳಾ ತಿಂಗಳಾ ಕೊಡ್ತಾರ.

ಲ್ಯಾನ್ ಕೇಬಲ್, ಅಂದ್ರ ಕಂಪ್ಯೂಟರಿಗೆ ನೆಟ್ ತರೂ ವೈರ್, ಒಂದು ಸುಲಿದು ನೋಡ್ರಿ, ಎಂಟು ಎಳಿ ಇರ್ತಾವ, ಎರಡೆರಡು ಕೂಡಿ ನಾಲ್ಕು ಜೋಡಿ, ಹಗ್ಗ ಹೊಸದಂಗ ಹೊಸದಿರ್ತಾರ. ಈ ಹೊಸಿಯೂ ಯುಕ್ತಿ ಹಳೇದು, ಟೆಲಿಫೋನಿನ ಗ್ರಹಾಂ ಬೆಲ್ 1881ರಾಗ ಪೇಟೆಂಟ್ ತಗೊಂಡಿದ್ದು. ಹೊರಗಿನ ಗದ್ದಲ ಎರಡೂ ಎಳಿಗೆ ಸರೀ ಸಮ ಬೀಳ್ತದ, ಆ ಕಡೆ ಮಷಿನ್ ಎರಡರ ನಡುವಿನ ಫರಕ್ ಅಷ್ಟ ಓದ್ತದ, ಹಿಂಗಾಗಿ ಗದ್ದಲ ಕಳದು ಹೋಗ್ತದ. ನಾಲ್ಕೂ ಜೋಡಿ ಬ್ಯಾರೆ ಬ್ಯಾರೆ ಬಿಗುವಿನಾಗ ಹೊಸದಿರ್ತಾರ, ಇಲ್ಲಾಂದ್ರ ಒಂದರ ಮಾತು ಇನ್ನೊಂದಕ್ಕ ಕೇಳ್ತದ, ವಠಾರದ ಗ್ವಾಡಿ ಇದ್ದಂಗ. ಅದಕ್ಕ ಕ್ರಾಸ್‌ಟಾಕ್ ಅಂತೀವಿ, ನಮ್ಮ ಅರ್ಧಾ ಕೆಲಸ ಅದನ್ನ ಅಳಿಯೂದು. ಕ್ಯಾಟ್ ಸಿಕ್ಸ್ ಅನ್ನೂ ದರ್ಜೆ ಕೇಬಲ್ ಆದ್ರ ಸಿಗ್ನಲ್ 250 ಮೆಗಾಹರ್ಟ್ಸ್ ತನಕ ಏರಿಸಿ ಅಳೀತೀವಿ, ಯಾವ ಜೋಡಿ ಯಾವ ಜೋಡಿಗೆ ಅಂತ ಆರೂ ಕಾಂಬಿನೇಷನ್, ಅದೂ ಎರಡೂ ತುದಿಯಿಂದ.

ನಾ ಹೊಸದಾಗಿ ಸೇರಿದಾಗ ಒಂದು ಕೇಬಲ್ ಕ್ರಿಂಪ್ ಮಾಡಿದ್ದೆ, ಅಂದ್ರ ತುದಿಗೆ ಎಂಟು ಪಿನ್ನಿನ ಪ್ಲಗ್ ಒತ್ತಿ ಕೂಡಿಸಿದ್ದೆ. ಕಿತ್ತಳಿ ಜೋಡಿ, ಹಸರು ಜೋಡಿ, ನೀಲಿ, ಕಂದು, ಭಾಳ ಚಂದ ಸಾಲಾಗಿ ಕೂಡಿಸಿದ್ದೆ. ಎಲೆಕ್ಟ್ರಿಕ್ ಸಾಮಾನಿನ ಬಜಾರ ತಾಪ್ಕೀರ್ ಗಲ್ಲಿಯೊಳಗ ತಗೊಂಡಿದ್ದ ಸಣ್ಣ ಟೆಸ್ಟರಿಗೆ ಹಾಕಿದ್ರ 1ರಿಂದ 8ರ ತನಕ ಎಲ್ಲಾ ದೀಪ ಹತ್ತಿದ್ವು, ನಾ ಖುಷ್. ನಮ್ಮ ಸೀನಿಯರು "ಥಾಂಬ್ ಜರಾ" (ಸ್ವಲ್ಪ ತಡಿ) ಅಂದವರ ದೊಡ್ಡ ಮಷಿನ್‌ಗೆ ಹಚ್ಚಿದ್ರು, ಕ್ರಾಸ್‌ಟಾಕ್ ಫೇಲ್. ಯಾಕಂದ್ರ 3 ಮತ್ತ 6ನೇ ಪಿನ್ ಒಂದ ಜೋಡಿ ಆಗಬೇಕು, ನಡುವ 4, 5ಕ್ಕ ನೀಲಿ. ನಾ ಚಂದ ಮಾಡಾಕ ಹೋಗಿ 3-4, 5-6 ಅಂತ ಸಾಲಾಗಿ ಜೋಡಿ ಕೂಡಿಸಿ, ಗಂಡ ಒಬ್ಬರ ಮನ್ಯಾಗ, ಹೆಂಡ್ತಿ ಇನ್ನೊಬ್ಬರ ಮನ್ಯಾಗ ಮಾಡಿಟ್ಟಿದ್ದೆ. ಕರೆಂಟ್ ಹರೀತದ, ದೀಪ ಹತ್ತತಾವ, ಡೇಟಾ ಅಷ್ಟ ಸತ್ತಿರ್ತದ. ಅವತ್ತಿಂದ ನನಗ ಆ ಸಣ್ಣ ಟೆಸ್ಟರ್ ಮ್ಯಾಲೆ ವಿಶ್ವಾಸ ಇಲ್ಲ.

ಹೋದ ತಿಂಗಳ ನಮ್ಮ ಮಾವ, ಅವರೂ ಇಲ್ಲೇ ಪಿಂಪರಿಯೊಳಗ ಮನಿ ಕಟ್ಟಸಾಕತ್ತಾರ, ಕ್ಯಾಮೆರಾಕ್ಕಂತ ಅಗ್ಗದ ಕೇಬಲ್ ತಂದಿದ್ರು, ಉಳದ ತುಂಡು ನನಗ ತೋರ್ಸಿದ್ರು. ಕೈಯಾಗ ಹಿಡದ ಕೂಡ್ಲೇ ಹಗುರ ಅನಿಸ್ತು. ಬ್ಲೇಡಿಂದ ಎಳಿ ಕೆರದೆ, ಮ್ಯಾಲಷ್ಟ ತಾಮ್ರ, ಒಳಗ ಬೆಳ್ಳಗ ಅಲ್ಯೂಮಿನಿಯಂ. ಅದು ತಾಮ್ರಕಿಂತ ಒಂದೂವರಿ ಪಟ್ಟಿಗೂ ಹೆಚ್ಚು ಕರೆಂಟ್ ತಡೀತದ್ರಿ, ಕ್ಯಾಮೆರಾಕ್ಕ ಪವರ್ ಸೈತ ಅದೇ ಕೇಬಲ್‌ನಾಗ ಹೋಗೂದು, ಅಂದ್ರ ವೈರ್ ಬಿಸಿ ಆಗ್ತದ, ಆ ತುದಿಗೆ ವೋಲ್ಟೇಜ್ ಸಾಲೂದಿಲ್ಲ.

"ಎಲ್ಲಾ ದೀಪ ಹತ್ತಿದ್ವಲ್ಲೋ ತಮ್ಮಾ" ಅಂದ್ರು ಮಾವ.

"ಪೈಪ್‌ನಾಗ ಹಾಕಿಸೀರೇನ್ರಿ?"

"ಪೈಪ್ ಯಾಕ? ಗ್ವಾಡ್ಯಾಗ ಹಾಕಿ ಪ್ಲಾಸ್ಟರ್ ಮಾಡಿ ಮುಗದದ."