ಲಾವೊಕೂನನ ಬಲಗೈ

ನಮಸ್ಕಾರ ಕೇಳುಗರೇ. ಕೂತಲ್ಲೇ ನಿಮ್ಮ ಬಲಗೈಯನ್ನು ಒಮ್ಮೆ ನೇರವಾಗಿ ಮೇಲಕ್ಕೆ ಎತ್ತಿ. ಗೆದ್ದವರ ಹಾಗೆ ಅನಿಸುತ್ತದೆ, ಅಲ್ವಾ? ಈಗ ಮೊಣಕೈ ಮಡಚಿ, ಅಂಗೈಯನ್ನು ತಲೆಯ ಹಿಂದಕ್ಕೆ ತನ್ನಿ. ಎದೆ ಬಿಗಿಯಾಯಿತು, ಪಕ್ಕೆಲುಬು ಎಳೆಯಿತು. ಇವತ್ತು ನಾನು ಹೇಳುವುದು ಇಂಥದ್ದೇ ಒಂದು ಕೈಯ ಕಥೆ.

ಗ್ರೀಕರ ಪುರಾಣದಲ್ಲಿ ಲಾವೊಕೂನ್ ಅಂತ ಒಬ್ಬ ಪೂಜಾರಿ ಬರುತ್ತಾನೆ. ಟ್ರಾಯ್ ಊರಿನವನು. ಶತ್ರುಗಳು ಬಿಟ್ಟುಹೋದ ಮರದ ಕುದುರೆಯನ್ನು ಕೋಟೆಯೊಳಗೆ ತರಬೇಡಿ, ಅದರಲ್ಲಿ ಮೋಸ ಇದೆ ಅಂತ ಬೇಡಿಕೊಂಡವನು. ಅಷ್ಟರಲ್ಲಿ ಸಮುದ್ರದಿಂದ ಎರಡು ಹಾವು ಬಂದು ಅವನನ್ನೂ ಅವನ ಇಬ್ಬರು ಗಂಡುಮಕ್ಕಳನ್ನೂ ಸುತ್ತಿಕೊಂಡವು. ಆ ಗಳಿಗೆಯನ್ನು ಅಮೃತಶಿಲೆಯಲ್ಲಿ ಕೆತ್ತಿದವರು ರೋಡ್ಸ್ ದ್ವೀಪದ ಮೂವರು ಶಿಲ್ಪಿಗಳು ಅಂತ ಪ್ರಾಚೀನ ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದ.

1506ರ ಜನವರಿಯಲ್ಲಿ ರೋಮಿನ ಒಂದು ದ್ರಾಕ್ಷಿ ತೋಟದಲ್ಲಿ ಅಗೆಯುವಾಗ ಈ ಶಿಲ್ಪ ಸಿಕ್ಕಿತು. ನೋಡಿಬರಲು ಪೋಪ್ ಕಳಿಸಿದ್ದು ವಾಸ್ತುಶಿಲ್ಪಿ ಸಾಂಗಾಲೊ ಅವರನ್ನು. ಜೊತೆಗೆ ಶಿಲ್ಪಿ ಮೈಕೆಲಾಂಜೆಲೊ ಕೂಡ ಹೋದರು. ಸಾಂಗಾಲೊ ನೋಡಿದ ಕೂಡಲೇ, ಇದು ಪ್ಲಿನಿ ಹೇಳಿದ ಲಾವೊಕೂನ್ ಅಂದುಬಿಟ್ಟರು. ಆದರೆ ಬಲಗೈ ಇರಲಿಲ್ಲ.

ಆ ಕೈ ಹೇಗಿದ್ದಿರಬೇಕು? ಚಾಚಿದ್ದೋ, ಮಡಚಿದ್ದೋ? ಚರ್ಚೆ ನಡೆದು ಕೊನೆಗೆ ಚಾಚಿದ ಕೈಯೇ ಗೆದ್ದಿತು. 1530ರ ದಶಕದಲ್ಲಿ ಮೊಂಟೊರ್ಸೊಲಿ ಎಂಬ ಶಿಲ್ಪಿ ಸುಟ್ಟ ಮಣ್ಣಿನಲ್ಲಿ ನೇರ ಕೈ ಮಾಡಿ ಜೋಡಿಸಿದರು. ಮುಂದೆ ಶತಮಾನಗಳ ಕಾಲ ಜನ ನಕಲು ಮಾಡಿದ್ದೂ, ಹಾಡಿ ಹೊಗಳಿದ್ದೂ ಹೆಚ್ಚಾಗಿ ಆ ರೂಪವನ್ನೇ.

20ನೇ ಶತಮಾನದ ಶುರುವಿನಲ್ಲಿ ಲುಡ್ವಿಗ್ ಪೊಲಾಕ್ ಎಂಬ ಪುರಾತತ್ವಜ್ಞರ ಕಣ್ಣಿಗೆ ರೋಮಿನ ಒಬ್ಬ ಕಲ್ಲುಕುಟಿಗನ ಹತ್ತಿರ ಒಂದು ಹಳೆಯ ತೋಳು ಬಿತ್ತು. ಮಡಚಿದ ತೋಳು! ಇದು ಲಾವೊಕೂನನದೇ ಅಂತ ಗುರುತು ಹಿಡಿದು, 1906ರಲ್ಲಿ ಶಿಲ್ಪ ಇದ್ದ ವ್ಯಾಟಿಕನ್ ಮ್ಯೂಸಿಯಮ್ಮಿಗೆ ಕೊಟ್ಟರು. ಅದು ಅಲ್ಲೇ ಸುಮ್ನೆ ಐವತ್ತು ವರ್ಷ ಇತ್ತು. ಪೊಲಾಕ್ ಯಹೂದಿ; 1943ರ ಅಕ್ಟೋಬರ್‌ನಲ್ಲಿ ನಾಜಿಗಳು ಅವರನ್ನೂ ಹೆಂಡತಿ ಮಕ್ಕಳನ್ನೂ ರೋಮಿನಿಂದ ಆಶ್ವಿಟ್ಜ್‌ಗೆ ಸಾಗಿಸಿದರು, ಯಾರೂ ಮರಳಲಿಲ್ಲ. ಆ ತೋಳು ತನ್ನ ಭುಜ ಸೇರಿದ್ದು 1950ರ ದಶಕದ ಕೊನೆಯ ಹೊತ್ತಿಗೆ. ನನಗೆ ಇದನ್ನು ನೆನೆದಾಗಲೆಲ್ಲ ಹೊಟ್ಟೆ ಕಿವುಚುತ್ತದೆ.

ಎರಡೂ ರೂಪಗಳ ಫೋಟೋ ಸಿಕ್ಕರೆ ಪಕ್ಕಪಕ್ಕ ಇಟ್ಟು ನೋಡಿ. ನೇರ ಕೈಯವನು ನಾಟಕದ ವೀರನ ಹಾಗೆ ಕಾಣುತ್ತಾನೆ. ಮಡಚಿದ ಕೈಯವನ ನೋವು ಹೊರಗೆ ಹೋಗಲು ದಾರಿಯೇ ಇಲ್ಲ, ಹಾವಿನ ಸುರುಳಿ ಕೈಯನ್ನು ತಲೆಯ ಹಿಂದಕ್ಕೆ ಎಳೆಯುತ್ತಿದೆ, ಇನ್ನೊಂದು ಹಾವು ಸೊಂಟಕ್ಕೆ ಬಾಯಿ ಹಾಕಿದೆ, ಹೊಟ್ಟೆ ಒಳಕ್ಕೆ ಸೇದಿಕೊಂಡಿದೆ. ಪಕ್ಕದಲ್ಲಿ ದೊಡ್ಡ ಮಗ ಕಾಲಿಗೆ ಸುತ್ತಿದ ಹಾವನ್ನು ಬಿಡಿಸಿಕೊಳ್ಳುತ್ತಾ ಅಪ್ಪನ ಮುಖ ನೋಡುತ್ತಿದ್ದಾನೆ.