ಬೀರುವಿನಲ್ಲಿಟ್ಟ ಸೋಪು

ಕೇಳುಗರೆಲ್ಲರಿಗೂ ನಮಸ್ಕಾರ.

ಬಚ್ಚಲುಮನೆಗೆ ಹೋಗಬೇಕಾದ ಸೋಪನ್ನು ಬೀರುವಿನಲ್ಲಿಡುವವರನ್ನು ನೀವು ನೋಡಿಯೇ ಇರುತ್ತೀರಿ. ಮೈಸೂರು ಸ್ಯಾಂಡಲ್ ಸೋಪು ತಂದರೆ ಒಂದನ್ನು ರೇಷ್ಮೆ ಸೀರೆಗಳ ಮಧ್ಯೆ ತೂರಿಸುತ್ತಾರೆ. ಸೋಪು ಮುಗಿದ ಮೇಲೆ ಖಾಲಿ ಡಬ್ಬಿ ಎಸೆಯಲೂ ಮನಸ್ಸು ಬರುವುದಿಲ್ಲ, ಅದೂ ಬಟ್ಟೆಗಳ ನಡುವೆ ಸೇರುತ್ತದೆ. ಕೊಳೆ ತೆಗೆಯುವ ವಸ್ತುವಿಗೆ ಇಷ್ಟೊಂದು ಮರ್ಯಾದೆ! ಅದು ಸುಮ್ನೆ ಬಂದದ್ದಲ್ಲ. ಕೂತು, ಯೋಚಿಸಿ, ಗಳಿಸಿದ್ದು.

ಮೊದಲನೆಯ ಮಹಾಯುದ್ಧದ ಹೊತ್ತಿಗೆ ಮೈಸೂರಿನ ಶ್ರೀಗಂಧದ ಮರ ಯುರೋಪಿಗೆ ಹೋಗುವುದು ನಿಂತುಹೋಯಿತು. ಮರ ಇಲ್ಲೇ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು. ಮರ ಕಳಿಸುವ ಬದಲು ಎಣ್ಣೆಯನ್ನೇ ಇಲ್ಲಿ ತೆಗೆಯೋಣ ಎಂದು 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಅದರ ಬೆನ್ನಿಗೇ ಸೋಪಿನ ಯೋಚನೆ. ರಸಾಯನಶಾಸ್ತ್ರ ಬಲ್ಲ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಕೆಲಸ ಕಲಿತು ಬರಲು ಲಂಡನ್ನಿಗೆ ಕಳಿಸಿದರು.

ಶಾಸ್ತ್ರಿಗಳು ಸೋಪಿಗೆ ಗಂಧದೆಣ್ಣೆ ಬೆರೆಸಿ ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಆಗಿನ ಸೋಪುಗಳು ಸಾಮಾನ್ಯವಾಗಿ ಚೌಕಾಕಾರದವು, ಸುತ್ತ ತೆಳು ಕಾಗದ. ಇವರು ಅಂಡಾಕಾರ ಮಾಡಿದರು. ಒಡವೆ ಇಡುವ ಪೆಟ್ಟಿಗೆಯನ್ನು ಹೋಲುವ ಡಬ್ಬಿ, ಅದರ ಮೇಲೆ ಹೂವಿನ ಚಿತ್ತಾರ. ಗುರುತಿಗೆ ಶರಭ: ಸಿಂಹದ ಮೈ, ಆನೆಯ ತಲೆ.

ಹೊಸ ಸೋಪನ್ನು ಒದ್ದೆ ಕೈಯಲ್ಲಿ ಹಿಡಿದು ನೋಡಿ. ಚೌಕದ ಸೋಪಾದರೆ ಅಂಚು ಸವೆಯುವ ತನಕ ಅಂಗೈಗೆ ಒತ್ತುತ್ತಿರುತ್ತದೆ. ಅಂಡಾಕಾರದ್ದು ಮೊದಲ ದಿನವೇ ಕೈಯೊಳಗೆ ಹೊರಳುತ್ತದೆ. ಇನ್ನು ಡಬ್ಬಿ ಬಿಚ್ಚುವವರನ್ನು ಗಮನಿಸಿ. ಸೋಪು ಹೊರಗೆ ಬರುವ ಮೊದಲೇ ಮೂಗು ಒಳಗೆ ಹೋಗಿರುತ್ತದೆ! ಆ ಪರಿಮಳವೂ ಹೊಸದಲ್ಲ. ದೇವರ ಮನೆಯಲ್ಲಿ ತೇದದ್ದು, ಮದುವೆ ಮನೆಯಲ್ಲಿ ಹಚ್ಚಿಸಿಕೊಂಡದ್ದು. ಜನರ ನೆನಪಿನಲ್ಲಿ ಮೊದಲೇ ಇದ್ದ ಒಳ್ಳೆಯ ದಿನಗಳಿಗೆ ಈ ಸೋಪು ಹೋಗಿ ಅಂಟಿಕೊಂಡಿತು. ಒಡವೆ ಪೆಟ್ಟಿಗೆ, ರೇಷ್ಮೆ ಸೀರೆ, ಗಂಧ, ಎಲ್ಲ ಒಂದೇ ಕಡೆಯವು ತಾನೇ? ಹಾಗಿರುವಾಗ ಡಬ್ಬಿ ಬೀರುವಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು!

ಶಾಸ್ತ್ರಿಗಳು ತಮ್ಮ ಅಂದಾಜಿನಿಂದ ಮಾಡಿದ ಇಂಥ ಕೆಲಸವನ್ನು ಲೆಕ್ಕಕ್ಕೆ ತಂದವರು ಜಪಾನಿನವರು. ಹಿರೋಶಿಮಾ ವಿಶ್ವವಿದ್ಯಾಲಯದ ಮಿತ್ಸುವೊ ನಾಗಮಾಚಿ 1970ರ ದಶಕದಲ್ಲಿ ಒಂದು ವಿಧಾನ ಕಟ್ಟಿದರು. ಅದರ ಹೆಸರು ಕಾನ್ಸೆ ಎಂಜಿನಿಯರಿಂಗ್. ಕಾನ್ಸೆ ಎಂದರೆ ಅವರ ಭಾಷೆಯಲ್ಲಿ ಮನಸ್ಸಿಗೆ ಅನಿಸುವುದು, ಭಾವನೆ. ಒಂದು ವಸ್ತುವಿನ ಬಗ್ಗೆ ಜನ ಆಡುವ ಮಾತನ್ನು ಮೊದಲು ಕೂಡಿಹಾಕುವುದು. ‘ಹಗುರ ಅನಿಸುತ್ತೆ’, ‘ಗಟ್ಟಿಮುಟ್ಟಾಗಿದೆ’, ‘ಯಾಕೋ ಇರಿಸುಮುರಿಸು’, ಹೀಗೆ. ಆಮೇಲೆ ಬೇರೆ ಬೇರೆ ಮಾದರಿ ಕೈಗೆ ಕೊಟ್ಟು, ಒಂದೊಂದು ಮಾತಿಗೂ ಅಂಕ ಹಾಕಿಸುವುದು. ಕೊನೆಗೆ ಆ ಅಂಕಗಳನ್ನು ಉದ್ದ, ತೂಕ, ಬಣ್ಣ, ಸದ್ದುಗಳ ಜೊತೆ ತಾಳೆ ನೋಡುವುದು. ಯಾವ ಅಳತೆಗೆ ಯಾವ ಭಾವನೆ ಏಳುತ್ತದೆ ಎಂದು ಆಗ ಗೊತ್ತಾಗುತ್ತದೆ.

ಅದೇ ಹಿರೋಶಿಮಾದ ಮಜ್ದಾ ಕಂಪನಿ ಎಂಎಕ್ಸ್-5 ಎಂಬ ಎರಡು ಸೀಟಿನ ಸಣ್ಣ ಕಾರು ಮಾಡುವಾಗ ಈ ದಾರಿ ಹಿಡಿಯಿತು. 1989ರಲ್ಲಿ ಕಾರು ಹೊರಬಂತು. ಸವಾರನೂ ಕುದುರೆಯೂ ಒಂದೇ ಆದ ಹಾಗೆ ಅನಿಸಬೇಕು ಎನ್ನುವುದು ಅವರ ಗುರಿ. ಅದಕ್ಕೆ ಏನು ಮಾಡಿದರು? ಗೇರ್ ಹಿಡಿಯನ್ನು ಗಿಡ್ಡ ಮಾಡಿದರು. ತೋಳು ಚಾಚಬೇಕಾಗಿಲ್ಲ, ಮಣಿಕಟ್ಟು ತಿರುಗಿಸಿದರೆ ಗೇರ್ ಬೀಳುತ್ತದೆ. ಸೈಲೆನ್ಸರಿನ ಸದ್ದು ಕಿವಿಗೆ ಒಪ್ಪುವ ತನಕ ತಿದ್ದಿದರು. 2016ರಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು. ಮನೆಮಂದಿಯೆಲ್ಲ ಕೂರಲಾಗದ ಕಾರು ಅದು, ಲೆಕ್ಕ ಹಾಕಿ ಕೊಳ್ಳುವವರು ಕೊಳ್ಳುವುದೇ ಇಲ್ಲ.

ಸದ್ದಿನ ಮಾತು ಬಂತಲ್ಲ, ಇದು ಬಾನುಲಿ, ಆದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ. ನೀರು ಕುದಿದಾಗ ಸಿಳ್ಳೆ ಹಾಕುವ ಕೆಟಲ್‌ಗಳಿವೆ. ಆ ಸಿಳ್ಳೆ ಕಿವಿ ಕೊರೆಯುತ್ತದೆ. ಜರ್ಮನಿಯ ರಿಚರ್ಡ್ ಸಾಪರ್ 1983ರಲ್ಲಿ ಇಟಲಿಯ ಅಲೆಸ್ಸಿ ಕಂಪನಿಗೆ ಒಂದು ಕೆಟಲ್ ಮಾಡಿಕೊಟ್ಟರು. ಅದರ ಮೂತಿಗೆ ಎರಡು ಹಿತ್ತಾಳೆ ಕೊಳವೆ. ನೀರು ಕುದಿದರೆ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ, ನಮ್ಮ ಸ-ಪ ಇದ್ದ ಹಾಗೆ. ಓಡಿಹೋಗಿ ಒಲೆ ಆರಿಸಬೇಕಾದದ್ದು ಹೇಗೂ ತಪ್ಪಿದ್ದಲ್ಲ, ಆದರೆ ಬೈದುಕೊಂಡು ಓಡುವುದಿಲ್ಲ.

ಇದರಲ್ಲಿ ಮೋಸವೂ ಇದೆ ಅನ್ನಿ. ಕೈಗೆ ಭಾರ ಅನಿಸಲಿ ಎಂದು ಒಳಗೆ ಸುಮ್ನೆ ಲೋಹದ ತುಂಡು ಕೂರಿಸಿದರೂ ‘ಗಟ್ಟಿ ಮಾಲು’ ಅನ್ನುತ್ತೇವೆ. ಕೆಲವು ದುಬಾರಿ ಕಾರುಗಳಲ್ಲಿ ಎಂಜಿನ್ನಿನ ಗುಡುಗು ಸ್ಪೀಕರಿನಿಂದ ಬರುತ್ತದೆ. ನನಗೆ ಇದು ಹಿಡಿಸುವುದಿಲ್ಲ. ಎಲೆಕ್ಟ್ರಿಕ್ ಕಾರಿನ ಮಾತು ಬೇರೆ. ಅದು ಸದ್ದಿಲ್ಲದೆ ಬಂದರೆ ಕಣ್ಣು ಕಾಣದವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಯುರೋಪಿನಲ್ಲಿ 2019ರ ಜುಲೈನಿಂದ ಹೊಸ ಮಾದರಿಯ ಎಲೆಕ್ಟ್ರಿಕ್ ಕಾರುಗಳು ನಿಧಾನವಾಗಿ ಹೋಗುವಾಗ ಸದ್ದು ಮಾಡಲೇಬೇಕು ಎಂಬ ನಿಯಮ ತಂದರು. ಅಲ್ಲಿಯೂ ಸ್ಪೀಕರೇ, ಆದರೆ ಅದು ಇರುವುದು ರಸ್ತೆಯಲ್ಲಿ ಹೋಗುವವರಿಗಾಗಿ.

ಈಗ ನನ್ನ ತಕರಾರು. ಇತ್ತೀಚೆಗೆ ಅಡುಗೆಮನೆಯ ಸಾಮಾನೆಲ್ಲ ನುಣುಪು ಗಾಜಾಗುತ್ತಿದೆ. ನೋಡಲು ಚೆಂದ, ಒರೆಸಲು ಸುಲಭ, ಒಪ್ಪಿದೆ. ಆದರೆ ಮಿಕ್ಸಿಯ ಗುಂಡಿ ತಿರುಗಿಸಲು ನಾವು ಅದನ್ನು ನೋಡುತ್ತೇವಾ? ಒಂದು, ಎರಡು, ಮೂರು ಎಂದು ಬೆರಳಿಗೇ ಗೊತ್ತು. ಕರೆಂಟ್ ಒಲೆಯ ಗಾಜಿನ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲ. ಕೈ ಒದ್ದೆಯಾದರೆ ಅದು ಮಾತೇ ಕೇಳುವುದಿಲ್ಲ, ಬೀಪ್ ಬೀಪ್ ಎಂದು ನಮ್ಮನ್ನೇ ಗದರಿಸುತ್ತದೆ. ಹಾಲು ಉಕ್ಕುತ್ತಿರುವಾಗ ಕನ್ನಡಕ ಹುಡುಕುವ ಅಜ್ಜಿಯ ಪಾಡು ಯೋಚಿಸಿ. ಕಣ್ಣು ಕಾಣದವರು ಒಬ್ಬರೇ ಇರುವ ಮನೆಯಲ್ಲಂತೂ ಆ ಒಲೆ ಇದ್ದೂ ಇಲ್ಲದ ಹಾಗೆ.

ಹಳೆಯ ಗುಂಡಿ ಫೋನಿನಲ್ಲಿ 5ರ ಮೇಲೆ ಒಂದು ಸಣ್ಣ ಉಬ್ಬು ಚುಕ್ಕಿ ಇರುತ್ತಿತ್ತು, ನೆನಪಿದೆಯಾ? ಎಟಿಎಂನಲ್ಲಿ ಈಗಲೂ ಇದೆ, ಮುಟ್ಟಿ ನೋಡಿ. ಅದೊಂದು ಸಿಕ್ಕಿದರೆ ಸಾಕು, ಉಳಿದ ಅಂಕಿಗಳ ಜಾಗ ತಾನಾಗಿ ಗೊತ್ತಾಗುತ್ತದೆ. ಗಾಜಿನ ಒಲೆಯ ಮೇಲೆ ಅಂಥ ನಾಲ್ಕು ಚುಕ್ಕಿ ಇಡಲು ಎಷ್ಟು ಖರ್ಚಾದೀತು? ಕೇಳುವವರಿಲ್ಲ ಎಂದು ಇಡುವುದಿಲ್ಲ, ಅಷ್ಟೇ.

ಹಾಗಾಗಿ ಅಂಗಡಿಗೆ ಹೋದಾಗ ಬಣ್ಣ, ಹೊಳಪು ಎಲ್ಲ ನೋಡಿ ಆದ ಮೇಲೆ ಕಣ್ಣು ಮುಚ್ಚಿಕೊಂಡು ಒಲೆಯನ್ನು ಒಮ್ಮೆ ಹಚ್ಚಿ, ಆರಿಸಿ ನೋಡಿ. ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಅಲ್ಲೇ ಕೇಳಿ. ಅಂಗಡಿಯವರು ಒಂದು ಥರಾ ನೋಡಿದರೆ ನೋಡಲಿ ಬಿಡಿ.

ನಮಸ್ಕಾರ.