ಹಳೇ ಲಿನಕ್ಸ್ ವಿಎಂ ಏಳದಿದ್ದರೆ: ಮೊದಲು ಪರದೆಯ ಕೊನೇ ಸಾಲು ಓದಿ

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಕಾಲೇಜು ಲ್ಯಾಬ್ ನೋಡಿಕೊಳ್ಳುವವರು, ಹೆಬ್ಬಾಳು, ಕೂರ್ಗಳ್ಳಿ ಕಡೆಯ ಕಾರ್ಖಾನೆಗಳ ಸಿಸ್ಟಂ ಅಡ್ಮಿನ್‌ಗಳು, ಮಂಡ್ಯದ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವವರು, ಎಲ್ಲರೂ ಇಲ್ಲಿದ್ದೀರಿ. ಸೆಂಟ್‌ಓಎಸ್ ಎಂಬ ಲಿನಕ್ಸ್‌ನ 5ನೇ ಆವೃತ್ತಿಗೆ ಬೆಂಬಲ ನಿಂತದ್ದು 2017ರ ಮಾರ್ಚ್‌ನಲ್ಲಿ, 6ಕ್ಕೆ 2020ರ ನವೆಂಬರ್‌ನಲ್ಲಿ, 7ಕ್ಕೆ 2024ರ ಜೂನ್‌ನಲ್ಲಿ. ಆದರೆ ಅವುಗಳೊಳಗಿರುವ ಸಂಬಳದ ಲೆಕ್ಕ, ಹಳೇ ಲೆಡ್ಜರ್ ಬೇಕೇ ಬೇಕು. ಹಾಗಾಗಿ ಆ ವಿಎಂಗಳನ್ನು (ಸರ್ವರ್ ಒಳಗೆ ಓಡುವ ವರ್ಚುವಲ್ ಕಂಪ್ಯೂಟರ್‌ಗಳನ್ನು) ಹೊಸ ಸರ್ವರ್‌ಗೆ ತರುತ್ತೀರಿ, ಅಲ್ಲಿ ಅವು ಏಳುವುದಿಲ್ಲ.

‘ಬೂಟ್ ಆಗ್ತಿಲ್ಲ’ ಅನ್ನುವ ದೂರು ಒಂದೇ, ಕಾಯಿಲೆ ನಾಲ್ಕಾರು. ಯಾವ ಹಂತದಲ್ಲಿ ನಿಂತಿದೆ ಎಂದು ಗುರುತಿಸದೆ ಕೈ ಹಾಕಿದರೆ ಸಣ್ಣ ತೊಂದರೆ ಡೇಟಾ ನಷ್ಟಕ್ಕೆ ತಿರುಗುತ್ತದೆ.

ವಿಎಂ ಒಳಗೆ ಇಣುಕುವ ಮೊದಲು ಹೋಸ್ಟ್, ಅಂದರೆ ಅದು ಓಡುವ ಸರ್ವರ್, ನೋಡಿ. ಡಿಸ್ಕ್ ಇಮೇಜ್ ಇರುವ ಪಾರ್ಟಿಷನ್ ತುಂಬಿದ್ದರೆ, ವಿಎಂ ಓಡಿಸುವ ಕೆವಿಎಂ ಅದನ್ನು ನಡುವೆಯೇ ತಡೆಹಿಡಿದುಬಿಡುತ್ತದೆ. ಆಗ ಒಳಗೆ ಏನು ರಿಪೇರಿ ಮಾಡಿದರೂ ವ್ಯರ್ಥ.

ಎರಡನೆಯದು, ಮೂಲ ಇಮೇಜ್ ಮೇಲೆ ಪ್ರಯೋಗ ಮಾಡಲೇಬೇಡಿ. ಕ್ಯೂಎಮು-ಇಮೇಜ್ ಟೂಲಿನಲ್ಲಿ ಓವರ್‌ಲೇ ಮಾಡಿಕೊಳ್ಳಿ: ಸಣ್ಣ ‘ಬಿ’ ಆಯ್ಕೆಗೆ ಮೂಲ ಫೈಲಿನ ಹೆಸರು, ಕ್ಯಾಪಿಟಲ್ ‘ಎಫ್’ ಆಯ್ಕೆಗೆ ಅದರ ಫಾರ್ಮ್ಯಾಟ್. ಒಂದು ಸೆಕೆಂಡಿನ ಕೆಲಸ. ಬರವಣಿಗೆಯೆಲ್ಲ ಹೊಸ ಫೈಲಿಗೆ ಹೋಗುತ್ತದೆ, ಕೆಟ್ಟರೆ ಅದನ್ನು ಅಳಿಸಿ ಮತ್ತೆ ಶುರು ಮಾಡಬಹುದು. ಓವರ್‌ಲೇ ಇರುವಷ್ಟು ಹೊತ್ತು ಮೂಲ ಫೈಲನ್ನು ಬೂಟ್ ಮಾಡಕೂಡದು. ಮಾಡಿದರೆ ಓವರ್‌ಲೇ ಹಾಳು. ಫೈಲ್ ಸಿಸ್ಟಂ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸುವುದಂತೂ ಓವರ್‌ಲೇ ಮೇಲೆಯೇ ಆಗಬೇಕು. ಅದು ಮಾಡಿದ ಬದಲಾವಣೆಯನ್ನು ಹಿಂತೆಗೆಯಲು ಬರುವುದಿಲ್ಲ.

ಈಗ ಪರದೆ. ಯಾವ ಕರ್ನಲ್ (ಲಿನಕ್ಸ್‌ನ ತಿರುಳು) ಬೂಟ್ ಆಗಬೇಕೆಂದು ಕೇಳುವ ಗ್ರಬ್ ಮೆನು ಕಾಣದೆ ಯುಇಎಫ್‌ಐ ಶೆಲ್ ಬಂದರೆ, ಬಯಾಸ್ ಕಾಲದ ವಿಎಂಗೆ ಹೊಸ ಬಗೆಯ ಯುಇಎಫ್‌ಐ ಫರ್ಮ್‌ವೇರ್ (ಯಂತ್ರ ಶುರುವಾದಾಗ ಮೊದಲು ಓಡುವ ತಂತ್ರಾಂಶ) ಕೊಟ್ಟಿದ್ದೀರಿ ಎಂದೇ ಹೆಚ್ಚಾಗಿ ಅರ್ಥ. ಬಯಾಸ್ ರೀತಿಯ ಸೀಬಯಾಸ್‌ಗೆ ಬದಲಿಸಿ, ಮುಗಿಯಿತು. ಮೆನು ಬಂದರೆ ‘ಇ’ ಒತ್ತಿ, ಕರ್ನಲ್ ಸಾಲಿನಿಂದ ‘ಆರ್‌ಎಚ್‌ಜಿಬಿ ಕ್ವೈಟ್’ ಎರಡನ್ನೂ ತೆಗೆದು ಬೂಟ್ ಮಾಡಿ. ಅವು ಇರುವಷ್ಟು ಕಾಲ ನಿಮಗೆ ಬೇಕಾದ ಸಂದೇಶಗಳು ಮರೆಯಲ್ಲೇ ಉಳಿಯುತ್ತವೆ.

ಅತಿ ಹೆಚ್ಚು ಕಾಡುವುದು ಕರ್ನಲ್ ಪ್ಯಾನಿಕ್ (ಕರ್ನಲ್ ಮುಂದೆ ಹೋಗಲಾರದೆ ನಿಲ್ಲುವುದು), ‘ಅನೇಬಲ್ ಟು ಮೌಂಟ್ ರೂಟ್’ ಎನ್ನುವ ಸಾಲು. ಇಲ್ಲವೇ ಡ್ರಾಕಟ್‌ನ (ಬೂಟ್‌ನ ಆರಂಭಕ್ಕೆ ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಇಮೇಜ್ ಕಟ್ಟುವ ಟೂಲ್) ಎಮರ್ಜೆನ್ಸಿ ಶೆಲ್. ಎರಡೂ ಹೇಳುವುದು ಒಂದೇ: ಕರ್ನಲ್‌ಗೆ ರೂಟ್ ಡಿಸ್ಕ್, ಅಂದರೆ ಸಿಸ್ಟಂ ಇರುವ ಡಿಸ್ಕ್, ಸಿಕ್ಕಿಲ್ಲ. ವಿಎಂವೇರ್‌ನಿಂದ ಕೆವಿಎಂಗೆ ತಂದಾಗ ಡಿಸ್ಕ್ ಕಂಟ್ರೋಲರ್ ಬದಲಾಗಿರುತ್ತದೆ. ಕೆವಿಎಂನ ಡಿಸ್ಕ್ ಕಾಣಲು ಬೇಕಾದ ವರ್ಟ್‌ಐಓ ಡ್ರೈವರ್ ಡಿಸ್ಕಿನಲ್ಲಿದೆ, ಆದರೆ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಇಲ್ಲ. ಬೀಗದಕೈಯನ್ನು ಬೀಗ ಹಾಕಿದ ಕೋಣೆಯೊಳಗೇ ಇಟ್ಟ ಹಾಗೆ.

ಸೆಂಟ್‌ಓಎಸ್ 7 ಆದರೆ ಗ್ರಬ್ ಮೆನುವಿನ ಕೊನೆಯ ‘ರೆಸ್ಕ್ಯೂ’ ಸಾಲನ್ನು ಆರಿಸಿ. ಅದರ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಎಲ್ಲ ಡ್ರೈವರ್‌ಗಳೂ ಇರುತ್ತವೆ. ಎದ್ದ ಮೇಲೆ ಮೂಲ ಕರ್ನಲ್‌ಗೆ ಡ್ರಾಕಟ್ ಓಡಿಸಿದರೆ ಆಯಿತು. 5 ಮತ್ತು 6ರಲ್ಲಿ ಡಿಸ್ಕ್ ಬಸ್ ಅನ್ನು ಐಡಿಇಗೆ ಬದಲಿಸಿ ನೋಡಿ, ಹೆಚ್ಚಾಗಿ ಏಳುತ್ತದೆ. ಏಳದಿದ್ದರೆ ಅದೇ ಆವೃತ್ತಿಯ ಐಎಸ್ಒದಿಂದ ‘ಲಿನಕ್ಸ್ ರೆಸ್ಕ್ಯೂ’ಗೆ ಹೋಗಿ, ವಿಎಂ ಡಿಸ್ಕ್ ಕಾಣುವ ಸಿಸ್‌ಇಮೇಜ್ ಡೈರೆಕ್ಟರಿಗೆ ಸಿಎಚ್‌ರೂಟ್ ಮಾಡಿ (ಅದನ್ನೇ ರೂಟ್ ಆಗಿಸಿ), 6ರಲ್ಲಿ ಡ್ರಾಕಟ್, 5ರಲ್ಲಿ ಅದೇ ಕೆಲಸದ ಎಂಕೆಇನಿಟ್‌ಆರ್‌ಡಿ ಓಡಿಸಿ, ವರ್ಟ್‌ಐಓ-ಪಿಸಿಐ, ವರ್ಟ್‌ಐಓ-ಬಿಎಲ್‌ಕೆ ಎರಡನ್ನೂ ಹೆಸರು ಹಿಡಿದು ಸೇರಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ. ಸಿಎಚ್‌ರೂಟ್ ಒಳಗೆ ‘ಯುನೇಮ್’ ತೋರಿಸುವುದು ಐಎಸ್ಒದ ಕರ್ನಲ್, ನಿಮ್ಮ ವಿಎಂ ಕರ್ನಲ್ ಅಲ್ಲ. ಆವೃತ್ತಿ ಹೇಳದೆ ಡ್ರಾಕಟ್ ಓಡಿಸಿದರೆ ಬೇರೆಯದೇ ಕರ್ನಲ್‌ಗೆ ಫೈಲ್ ಕಟ್ಟಲು ಹೋಗುತ್ತದೆ, ಪ್ಯಾನಿಕ್ ಹಾಗೇ ಉಳಿಯುತ್ತದೆ. ಲಿಬ್ ಒಳಗಿನ ಮಾಡ್ಯೂಲ್ಸ್ ಡೈರೆಕ್ಟರಿಯಲ್ಲಿ ಇರುವ ಹೆಸರನ್ನೇ ಅಕ್ಷರ ತಪ್ಪದೆ ಕೊಡಿ.

ಡ್ರೈವರ್ ಸೇರಿಸಿದರೂ ಡಿಸ್ಕ್ ಕಾಣದಿದ್ದರೆ ಮೆಷಿನ್ ಟೈಪ್ (ವಿಎಂಗೆ ತೋರಿಸುವ ಮದರ್‌ಬೋರ್ಡ್ ಮಾದರಿ) ನೋಡಿ. ಹೊಸ ವಿಎಂಗಳಿಗೆ ಸಾಮಾನ್ಯವಾಗಿ ಸಿಗುವುದು ಕ್ಯೂ35. ಅದರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಪೋರ್ಟಿಗೆ ಕೂತ ವರ್ಟ್‌ಐಓ ಸಾಧನ ಹೊಸ 1.0 ರೀತಿಯಲ್ಲಿ ಮಾತ್ರ ಮಾತಾಡುತ್ತದೆ, ಸೆಂಟ್‌ಓಎಸ್ 6ಕ್ಕೆ ಆ ಭಾಷೆ ಬಾರದು. ಹಳೇ ಮೆಷಿನ್ ಟೈಪ್ ಐ440ಎಫ್‌ಎಕ್ಸ್ ಆರಿಸಿ, ಅಥವಾ ಸಾಧನದ ಮಾದರಿಯನ್ನು ‘ವರ್ಟ್‌ಐಓ-ಟ್ರಾನ್ಸಿಷನಲ್’ ಮಾಡಿ.

ಜಾಗ ಬದಲಿಸದೆಯೇ, ಅಪ್‌ಡೇಟ್ ಆದ ಮೇಲೆ ಪ್ಯಾನಿಕ್ ಬಂದರೆ ಬೂಟ್ ಪಾರ್ಟಿಷನ್ ತುಂಬಿರಬಹುದು. ಸೆಂಟ್‌ಓಎಸ್ 5ರಲ್ಲಿ ಅದು ಸಾಮಾನ್ಯವಾಗಿ ಬರೀ 100 ಎಂಬಿ. ಹೊಸ ಇನಿಟ್‌ಆರ್‌ಡಿ (5ರಲ್ಲಿ ಇನಿಟ್‌ರಾಮ್‌ಎಫ್‌ಎಸ್‌ನ ಹೆಸರು) ಅರ್ಧಕ್ಕೇ ನಿಂತಿರುತ್ತದೆ. ಹಿಂದಿನ ಕರ್ನಲ್‌ನಿಂದ ಎಬ್ಬಿಸಿ, ಬೇಡದ ಕರ್ನಲ್ ತೆಗೆದು, ಮತ್ತೆ ಕಟ್ಟಿ.

ರೂಟ್ ಸಿಕ್ಕಿ, ಆಮೇಲೆ ‘ರೂಟ್ ಪಾಸ್‌ವರ್ಡ್ ಕೊಡಿ’ ಎಂದು ನಿಂತರೆ ಬೂಟ್‌ನಲ್ಲಿ ಜೋಡಿಸುವ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಸ್ಟ್ಯಾಬ್ ತೆರೆಯಿರಿ. ಅಲ್ಲಿ ಎಸ್‌ಡಿಬಿ1 ಎಂದಿರುತ್ತದೆ, ಈಗ ಅದು ವಿಡಿಬಿ1. ಬಿಎಲ್‌ಕೆಐಡಿ ಆಜ್ಞೆ ತೋರಿಸುವ ಯುಯುಐಡಿ (ಬದಲಾಗದ ಗುರುತು) ಹಾಕಿ. ಎಲ್‌ವಿಎಂ (ಲಾಜಿಕಲ್ ವಾಲ್ಯೂಮ್) ಹೆಸರುಗಳು ಬದಲಾಗುವುದಿಲ್ಲ, ಅವನ್ನು ಮುಟ್ಟಬೇಡಿ. ರೂಟ್ ಓದಲು ಮಾತ್ರ ತೆರೆದಿದ್ದರೆ ಬರೆಯಲು ಬರುವಂತೆ ರೀಮೌಂಟ್ ಮಾಡದೆ ಫೈಲ್ ಸೇವ್ ಆಗದು. ಸೆಂಟ್‌ಓಎಸ್ 7ರಲ್ಲಿ ಇದೇ ತೊಂದರೆ 90 ಸೆಕೆಂಡು ಕಾಯಿಸಿ ಎಮರ್ಜೆನ್ಸಿ ಮೋಡ್‌ಗೆ ತಳ್ಳುತ್ತದೆ. ಈಗ ಇಲ್ಲದ ಬ್ಯಾಕಪ್ ಡಿಸ್ಕಿನ ಸಾಲು ಉಳಿದಿದ್ದರೆ ತೆಗೆಯಿರಿ, ಆಗಾಗ ಜೋಡಿಸುವ ಡಿಸ್ಕ್ ಆದರೆ ‘ನೋಫೇಲ್’ ಸೇರಿಸಿ.

ಇನ್ನು, ಎದ್ದಿದ್ದರೂ ‘ಏಳ್ತಿಲ್ಲ’ ಎನ್ನಿಸಿಕೊಳ್ಳುವ ವಿಎಂ. ಪಿಂಗ್ ಇಲ್ಲ, ಆದರೆ ಕನ್ಸೋಲ್‌ನಲ್ಲಿ ಲಾಗಿನ್ ಪ್ರಾಂಪ್ಟ್ ಕೂತಿರುತ್ತದೆ. ಸೆಂಟ್‌ಓಎಸ್ 6ರಲ್ಲಿ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ ಬದಲಾದರೆ ಹಳೇ ಕಾರ್ಡಿನ ಹೆಸರು ಸಾಧನಗಳಿಗೆ ಹೆಸರು ಕೊಡುವ ಯುಡೆವ್ ನಿಯಮಗಳಲ್ಲಿ ಉಳಿದು, ಹೊಸದಕ್ಕೆ ಈಟಿಎಚ್1 ಸಿಗುತ್ತದೆ. ಐಪಿ ಮಾತ್ರ ಈಟಿಎಚ್0 ಫೈಲಿನಲ್ಲೇ ಇರುತ್ತದೆ. ‘70-ಪರ್ಸಿಸ್ಟೆಂಟ್-ನೆಟ್’ ಫೈಲ್ ಅಳಿಸಿ, ಈಟಿಎಚ್0 ಫೈಲಿನ ಎಚ್‌ಡಬ್ಲ್ಯೂಎಡಿಡಿಆರ್ ಸಾಲಿಗೆ ಹೊಸ ಮ್ಯಾಕ್ ಬರೆದು ರೀಬೂಟ್ ಮಾಡಿ.